ದನಿ ಇಳಿಸಿದವನು

ಅವನ ಹೆಸರು ಬರೆಯುವುದಿಲ್ಲ. ಅವನಿಗೆ ಎರಡು ಹೆಸರಿದ್ದವು. ಹುಟ್ಟಿದಾಗ ಇಟ್ಟ ಹೆಸರನ್ನು ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ತಾನೇ ಇಟ್ಟುಕೊಂಡ ಹೆಸರನ್ನು ಬರೆಯಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಅದರಿಂದ ಅವನನ್ನು ಕರೆದವರೇ ಇಲ್ಲ. ಅತ್ತೆಗೆ ಅವನು 'ಕಪಿಲೆಯವನು', ಮಾವನಿಗೆ 'ಲೇ', ನನಗೆ 'ಅಣ್ಣ'. ಅಷ್ಟರಲ್ಲೇ ಅವನು ನಮ್ಮ ತೋಟದಲ್ಲಿ ವರ್ಷಗಟ್ಟಲೆ ಬಾಳಿದ. ತೀರಿಕೊಂಡು ಬಹಳ ಕಾಲವಾಯಿತು. ಅವನ ಮುಖ ಈಗ ಕಣ್ಣಿಗೆ ಕಟ್ಟುವುದಿಲ್ಲ. ದನಿ ಮಾತ್ರ, ಇದೋ, ಇಲ್ಲೇ ಪಕ್ಕದಲ್ಲಿದೆ.

ನಾನು ಮದುವೆಯಾಗಿ ಅಮೃತಹಳ್ಳಿಗೆ ಬಂದಾಗ ಅದು ಹಳ್ಳಿಯೇ. ಕರೆಂಟು ಬಂದಿರಲಿಲ್ಲ. ಹೆಬ್ಬಾಳದಲ್ಲಿ ಬಸ್ಸು ಇಳಿದರೆ ಹೊಲದ ಬದು ಹಿಡಿದು ನಡೆಯಬೇಕಿತ್ತು. ನಾನು ಯಶವಂತಪುರದಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದೆ ಬೆಳೆದವಳು. ರೈಲಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಬಾಯಿ ಜೋರಾಗಿತ್ತು. ಬಂದ ಮೂರನೇ ದಿನವೇ ಅತ್ತೆ ಒಲೆಯ ಮುಂದೆ ಕೂರಿಸಿಕೊಂಡು ಹೇಳಿದರು: "ನೋಡವ್ವ, ಸೊಸೆ ದನಿ ಹೊಸ್ಲು ದಾಟ್ಬಾರ್ದು. ಜಗುಲಿ ಮೇಲೆ ನಿಮ್ಮಾವ ಅವ್ರೆ." ದನಿ ತಗ್ಗಿಸುವುದು ಎಂಥ ಯಮಯಾತನೆಯೆಂದು ಆವತ್ತಿನಿಂದ ನನಗೆ ಗೊತ್ತು. ಬೇಡದಿದ್ದರೂ ತಗ್ಗಿಸುವವಳು ನಾನು, ಬೇಕೆಂದು ತಗ್ಗಿಸುವವನು ಅವನು. ನನ್ನ ಕುತೂಹಲ ಅಲ್ಲಿಂದಲೇ ಶುರುವಾಗಿರಬೇಕು.

ಕಪಿಲೆ ನೋಡದವರೇ ಈಗ ಹೆಚ್ಚು, ಆದ್ದರಿಂದ ಎರಡು ಮಾತು ಹೇಳುತ್ತೇನೆ. ಬಾವಿಯ ದಡದಿಂದ ಒಂದು ಇಳಿಜಾರು. ಜೋಡಿ ಎತ್ತುಗಳ ನೊಗಕ್ಕೆ ಹಗ್ಗ, ಹಗ್ಗದ ತುದಿಗೆ ಬಾವಿಯೊಳಗೆ ತೊಗಲಿನ ದೊಡ್ಡ ಬಾನಿ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಆಮೇಲೆ ಎತ್ತುಗಳು ಅದೇ ದಾರಿಯಲ್ಲಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ದಡದವರೆಗೆ ಬರಬೇಕು, ಬಾನಿ ಮತ್ತೆ ನೀರಿಗೆ ಇಳಿಯಬೇಕು. ದಿನಕ್ಕೆ ನೂರಾರು ಸಲ. ಮುಂದಕ್ಕೆ ಹೋಗಲು ಎತ್ತಿಗೆ ಒಂದು ಬಾರುಕೋಲು ಸಾಕು. ಹಿಂದಕ್ಕೆ ಬರಲು ನಂಬಿಕೆ ಬೇಕು. ಹಿಂದೆ ಬಾವಿಯಿದೆ, ಎತ್ತಿಗೆ ಬೆನ್ನಲ್ಲಿ ಕಣ್ಣಿಲ್ಲ. ಹೊಡೆಯುವವನ ದನಿಯೇ ಅವಕ್ಕೆ ಕಣ್ಣು.

ನಮ್ಮ ಎತ್ತುಗಳನ್ನು ಪಳಗಿಸಿದ ಮುದುಕ ಆ ವರ್ಷ ತೀರಿಹೋಗಿದ್ದ. ಅವನದು ಎದೆಯ ತಳದಿಂದ ಬರುವ ದನಿಯಂತೆ. "ಹೋ... ಓ..." ಎಂದು ಉದ್ದಕ್ಕೆ ಎಳೆದರೆ ಎತ್ತುಗಳು ಕಣ್ಣು ಮುಚ್ಚಿಕೊಂಡು ಹಿಂದೆ ಬರುತ್ತಿದ್ದವಂತೆ. ಅವನ ಜಾಗಕ್ಕೆ ಇವನು ಬಂದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಗಿಡ್ಡ ಆಳು, ಅಗಲ ಭುಜ, ನುಣ್ಣನೆ ಕೆನ್ನೆ, ಬಿರುಬಿಸಿಲಿನಲ್ಲೂ ತೆಗೆಯದ ದೊಗಲೆ ಅಂಗಿ, ತಲೆಗೆ ಸುತ್ತಿದ ಟವೆಲ್ಲು. ಕೆಲಸದಲ್ಲಿ ಇಬ್ಬರಷ್ಟು. ಆದರೆ ಬಾಯಿ ಬಿಟ್ಟು "ಹೋ" ಎಂದನೋ, ಎತ್ತುಗಳೆರಡೂ ಎರಡು ಹೆಜ್ಜೆ ಹಿಂದಿಟ್ಟು ನಿಂತುಬಿಟ್ಟವು. ಕಿವಿ ಹಿಂದಕ್ಕೆ ತಿರುಗಿಸಿ ಇದ್ಯಾರು ಎಂದು ಕೇಳಿದವು. ಅಷ್ಟು ತೆಳುವಾದ ದನಿ.

ಮಾವ ದಡದ ಮೇಲೆ ನಿಂತು ನೋಡಿದರು. "ಎತ್ತಿಗೇ ನಂಬ್ಕೆ ಬರ್ನಿಲ್ಲ, ನಂಗೆಂಗ್ಲಾ ಬತ್ತದೆ? ಉಗಾದಿ ಗಂಟ ನೋಡ್ತೀನಿ. ದನಿ ಮಾಡ್ಕೋ, ಇಲ್ಲಾ ದಾರಿ ನೋಡ್ಕೋ," ಎಂದರು.

ಊರಿನವರು ಅವನ ದನಿಗೆ ಒಂದೊಂದು ಕಾರಣ ಹುಡುಕಿದರು. ಚಿಕ್ಕಂದಿನಲ್ಲಿ ಸಿಡುಬಿನ ಅಮ್ಮ ಬಂದಿತ್ತು ಎಂದರು, ಗಂಟಲಿಗೆ ದೃಷ್ಟಿಯಾಗಿದೆ ಎಂದರು. ಅತ್ತೆಯ ತೀರ್ಮಾನ ಬೇರೆ. "ಗಂಟ್ಲು ಒಡ್ದಿಲ್ಲ, ಅಷ್ಟೇ. ಕೆಲವ್ರಿಗೆ ತಡ. ಬಜೆ ಕೊಟ್ರೆ ಸರಿಹೋಯ್ತದೆ." ಬಜೆ ಎಂದರೆ ಹಾಲುಗೂಸುಗಳಿಗೆ ಮಾತು ಬೇಗ ಬರಲೆಂದು ತೇಯ್ದು ನೆಕ್ಕಿಸುವ ಬೇರು. ಬೆಳಗ್ಗೆ ಎದ್ದು ಅತ್ತೆ ಅದನ್ನು ಸಾಣೆಕಲ್ಲಿನ ಮೇಲೆ ತೇಯ್ದು ಜೇನುತುಪ್ಪ ಬೆರೆಸಿ ಎಲೆಯ ಮೇಲೆ ಇಡುತ್ತಿದ್ದರು. ಮೀಸೆ ಬಂದಿರಬೇಕಾದ ವಯಸ್ಸಿನ ಆಳು ಹಿತ್ತಿಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕೂಸಿನ ಔಷಧಿಯನ್ನು ಭಕ್ತಿಯಿಂದ ನೆಕ್ಕುತ್ತಿದ್ದ. ನನಗೆ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಗುತ್ತಿತ್ತು. ಅವನೂ ಕಣ್ಣಲ್ಲಿ ನಗುತ್ತಿದ್ದ. "ಇನ್ನೊಂದ್ ವರ್ಸ ನೆಕ್ಕುದ್ರೆ ಅಂಬೆಗಾಲೂ ಬತ್ತದೇನೋ ಅಕ್ಕಾ," ಎನ್ನುತ್ತಿದ್ದ.

ಉಗಾದಿ ಹತ್ತಿರ ಬಂದಂತೆ ಅವನಿಗೆ ದಿಗಿಲು ಹತ್ತಿತು. ಆಗ ಮಾಡಿದ್ದು ದೊಡ್ಡ ತಪ್ಪು. ಕೆರೆ ಏರಿಯ ಮೇಲೆ ನಿಂತು ದಿನಾ ಗಂಟಲು ಹರಿಯುವಂತೆ ಕಿರುಚಿದ. ಹಸಿ ಹುಣಿಸೆಕಾಯಿ ತಿಂದ. ಎರಡು ಕಟ್ಟು ಬೀಡಿ ಸೇದಿದ. ಹದಿನೈದು ದಿನಕ್ಕೆ ದನಿ ಬಿರುಕುಬಿಟ್ಟ ಮಡಕೆಯಾಯಿತು. ಅತ್ತೆಯ ಸಂತೋಷ ಹೇಳತೀರದು. "ಒಡೀತು! ಗಂಟ್ಲು ಒಡೀತು! ನಾನೇಳ್ನಿಲ್ವಾ?" ಎಂದು ಬೀದಿಯವರಿಗೆಲ್ಲ ಬೆಲ್ಲ ಹಂಚಿದರು. ಮಾರಮ್ಮನಿಗೆ ಕಾಯಿ ಒಡೆಸಿದರು. ಮಂಗಳಾರತಿ ಮುಗಿಯುವಷ್ಟರಲ್ಲಿ ಇದ್ದ ದನಿಯೂ ಹೋಯಿತು. ಒಂದು ತಿಂಗಳು ಅವನ ಬಾಯಿಂದ ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಅತ್ತೆ ಬಜೆಯನ್ನು ದುಪ್ಪಟ್ಟು ಮಾಡಿದರು.

ಆ ತಿಂಗಳೇ ಅವನನ್ನು ಕಾಪಾಡಿದ್ದು. ಮೂಕನಂತೆ ಎತ್ತಿನ ಬೆನ್ನು ತಟ್ಟುತ್ತ ಅಂಗೈಯಲ್ಲೇ ಅವಕ್ಕೆ ದಾರಿ ಹೇಳಿದ. ಮೂಕನನ್ನು ಓಡಿಸಿದರೆ ಪಾಪ ಸುತ್ತಿಕೊಳ್ಳುತ್ತದೆಂದು ಮಾವನೂ ಗಡುವನ್ನು ಮರೆತರು. ಮಾತಾಡದವನ ಮುಂದೆ ಎಲ್ಲರೂ ಮಾತಾಡುತ್ತಾರೆ, ನಾನಂತೂ ಮನೆಯೊಳಗೆ ನುಂಗಿಕೊಂಡದ್ದನ್ನೆಲ್ಲ ಅವನ ಮುಂದೆ ಸುರಿಯುತ್ತಿದ್ದೆ. ಅವನು ಮಾತನ್ನು ಕೇಳುತ್ತಿರಲಿಲ್ಲ, ಮಾತಾಡುವ ರೀತಿಯನ್ನು ಕೇಳುತ್ತಿದ್ದ ಎಂದು ಆಮೇಲೆ ಗೊತ್ತಾಯಿತು.

ದನಿ ಮರಳಿದ ಮೇಲೆ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ನೀರಿಗೆ ಹೋದರೆ, ಬಾವಿಯ ಕಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ತಲೆ ಒಳಗೆ ಬಾಗಿಸಿ ಅವನು ಏನೋ ಗುನುಗುತ್ತಿದ್ದ. ಬಾಯಿ ಮುಚ್ಚಿಕೊಂಡೇ, ಒಂದು ಪುಟ್ಟ ರಾಗ. ಮೊದಲು ಸ್ವಲ್ಪ ಏರಿ, ಕೊನೆಗೆ ಎಳೆದುಕೊಂಡು ಇಳಿಯುವಂಥದ್ದು.

"ಯಾವ ಹಾಡಣ್ಣಾ?" ಎಂದೆ.

ಬೆಚ್ಚಿ ಎದ್ದ. "ಆಡಲ್ಲ ಅಕ್ಕಾ. ದನಿ ಇಳಿಸ್ತಾ ಇವ್ನಿ."

"ಎಲ್ಲಿಗೆ?"

"ಬಾವಿಗೆ."

ಕಲಿತದ್ದನ್ನು ಅವನು ನನಗೆ ಹೇಳಿದ, ನನ್ನಷ್ಟು ಕುತೂಹಲದಿಂದ ಕೇಳುವವರು ಅವನಿಗೆ ಬೇರೆ ಸಿಕ್ಕಿರಲಿಲ್ಲ. ಬಾವಿ ಎಲ್ಲ ದನಿಗೂ ಓಗೊಡುವುದಿಲ್ಲವಂತೆ. ಮೇಲಿನ ದನಿಯಲ್ಲಿ ಗುನುಗಿದರೆ ಸುಮ್ಮನಿರುತ್ತದೆ. ಇಳಿಸುತ್ತ ಇಳಿಸುತ್ತ ಹೋದರೆ ಒಂದು ಕಡೆ ಬಾವಿಯೇ ಗುಂಯ್ ಎನ್ನುತ್ತದೆ. ಮುದುಕ ಎಲ್ಲಿಂದ "ಹೋ" ಎನ್ನುತ್ತಿದ್ದನೋ ಅದೇ ಜಾಗ. ನಮ್ಮ ಬಾವಿಗೆ ನೀರಿನವರೆಗೆ ಹನ್ನೊಂದು ಕಲ್ಲಿನ ಮೆಟ್ಟಿಲು. ತಾನು ಊರಿಗೆ ತಂದ ದನಿಯನ್ನು ಮೊದಲ ಮೆಟ್ಟಿಲಿಗಿಟ್ಟ, ಬಾವಿ ಓಗೊಡುವ ದನಿಯನ್ನು ಹನ್ನೊಂದನೆಯದಕ್ಕಿಟ್ಟ. ನಡುವಿನದೆಲ್ಲ ಅವನ ದಾರಿ.

"ಇವತ್ತು ಎಲ್ಲಿದೆಯಣ್ಣ?" ಎಂದು ಕೇಳುತ್ತಿದ್ದೆ.

"ಮೂರ್ನೇದ್ರಾಗೆ ಕುಂತೈತೆ. ಎಳೀಬಾರ್ದು ಅಕ್ಕಾ. ಎಳುದ್ರೆ ಓದ್ಸಲದಂಗೇ ಅರ್ದೋಯ್ತದೆ. ಅದ್ಕೇ ಇಷ್ಟ ಬಂದಾಗ ಇಳೀತದೆ."

ಅವನಿಗೆ ಅವನದೇ ಕಟ್ಟುಪಾಡುಗಳಿದ್ದವು. ಗಂಟಲು ಕೆರೆದರೆ ಆ ದಿನ ಅಲ್ಲಿಗೇ ನಿಲ್ಲಿಸಬೇಕು. ಬೀಡಿ ಬಿಟ್ಟ. ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದ. ಗುನುಗುವಾಗ ಒಂದು ಕೈ ಎದೆಯ ಮೇಲಿರಬೇಕು. ಮೂಗು ನಡುಗಿದರೆ ದನಿ ಮೇಲಿದೆ ಎಂದು ಅರ್ಥ, ಎದೆ ನಡುಗಿದರೆ ಇಳಿದಿದೆ. ಇದನ್ನು ಕೇಳಿ ನಾನು ಅಡುಗೆಮನೆಯಲ್ಲಿ ಯಾರಿಲ್ಲದಾಗ ಎದೆಯ ಮೇಲೆ ಕೈಯಿಟ್ಟು ಗುನುಗಿದೆ. ನಿಜ! ರಾಗಿಕಲ್ಲು ಬೀಸುವಾಗ ನೆಲ ನಡುಗುತ್ತದಲ್ಲ, ಹಾಗೆ. ಎಷ್ಟು ಖುಷಿಯಾಯಿತೆಂದರೆ ಸಾರು ಸೀದುಹೋಯಿತು. ಅದಕ್ಕೆ ಬೈಗುಳ ತಿಂದೆ.

ತನ್ನ ದನಿ ತನಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಅವನು ನನ್ನ ಕಿವಿಯನ್ನು ಎರವಲು ಪಡೆದ. ನಾನು ತೊಟ್ಟಿಯ ಬಳಿ ಬಟ್ಟೆ ಒಗೆಯುವಾಗ ಬೆನ್ನು ತಿರುಗಿಸಿ ಕೂರಬೇಕು. "ಮಖ ನೋಡುದ್ರೆ ಕಿವಿ ಸುಳ್ಳೇಳ್ತದೆ ಅಕ್ಕಾ. ಅತ್ಲಾಗ್ ತಿರೀಕಂಡು ಕುಂತ್ಕಳಿ." ಆಮೇಲೆ ಏನಾದರೂ ಒಂದು ಮಾತು: "ಬದ್ನೆ ಮಡಿಗೆ ನೀರ್ ಕಟ್ಬೇಕು." ಕೂಡಲೇ ಪ್ರಶ್ನೆ: "ಗಂಡೋ ಎಣ್ಣೋ?"

ಸುಳ್ಳು ಹೇಳಬಾರದೆಂದು ಮಾತಾಗಿತ್ತು. ಮೊದಲ ವರ್ಷವೆಲ್ಲ "ಹೆಣ್ಣು" ಎಂದೆ. ಒಮ್ಮೆ, "ನಮ್ಮ ಸೋದರತ್ತೆಗೆ ನೆಗಡಿಯಾದಾಗ ಹೀಗೇ ಮಾತಾಡ್ತಾರೆ," ಎಂದೂ ಅಂದೆ. ಅವನಿಗೆ ನಗು ಬಂತು. ನಗು ಬಂದರೆ ಕೆಟ್ಟಿತು. ಕಷ್ಟಪಟ್ಟು ಇಳಿಸಿದ್ದ ದನಿ ಎಲ್ಲ ಮೆಟ್ಟಿಲನ್ನೂ ಒಂದೇ ನೆಗೆತಕ್ಕೆ ಹತ್ತಿಬಿಡುತ್ತಿತ್ತು. ಕ್ರಮೇಣ ಬಾಯಿ ಮುಚ್ಚಿಕೊಂಡು ಭುಜ ಕುಲುಕಿಸಿ ನಗುವುದನ್ನು ಕಲಿತ. ಅವನನ್ನು ನಗಿಸುವುದನ್ನು ನಾನು ಬಿಟ್ಟೆ. ಅದೊಂದು ಮಾತ್ರ ನನಗೆ ಇವತ್ತಿಗೂ ಸಂಕಟ.

ಒಮ್ಮೆ ಅವನೇ ಮಾವನ ಮಾತೆತ್ತಿ ಹೇಳಿದ: "ದನಿ ಒಂದೇ ಅಲ್ಲ ಅಕ್ಕಾ. ಗೌಡ್ರು ಕೇಳೋದ್ನೂ ಯೋಳ್ದಂಗೆ ಕೇಳ್ತಾರೆ. ನೀವು ಯೋಳೋದ್ನೂ ಕೇಳ್ದಂಗೆ ಯೋಳ್ತೀರಾ."

ನನಗೆ ರೇಗಿತು. ಮನೆಗೆ ಬಂದು ಕಿವಿಗೊಟ್ಟೆ. ಮಾವ ಜಗುಲಿಯಿಂದ "ಊಟ ಆಯ್ತು" ಎಂದರು. ಆಯಿತೇ ಎಂದು ಕೇಳಿದ್ದು ಅದು, ಕಲ್ಲು ಇಟ್ಟಹಾಗೆ. ಅತ್ತೆ, "ಉಪ್ಪು ಒಂಚೂರು ಮುಂದಾಯ್ತೇನೋ?" ಎಂದರು. ಮುಂದಾಗಿದೆಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಡ್ಡೀಮಗ ಸರಿಯಾಗಿಯೇ ಹೇಳಿದ್ದ. ಗಂಡಸಿನ ದನಿಯಲ್ಲಿ ಅರ್ಧ ಅವನ ಎದೆಯದು, ಇನ್ನರ್ಧ ಎದುರಿನವರು ಬಾಯಿ ಮುಚ್ಚಿಕೊಂಡಿರುವುದರಿಂದ ಬರುತ್ತದೆ ಎಂದು ನಾನೂ ಒಂದು ಸೇರಿಸಿದೆ. ಅವನಿಗೆ ಅದು ಹಿಡಿಸಿತು.

ದನಿ ಐದನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಎತ್ತುಗಳು ಒಪ್ಪಿಕೊಂಡವು. "ಹೋ... ಓ..." ಎಂದರೆ ಬಾಲ ಬೀಸುತ್ತ ಹಿಂದೆ ಹಿಂದೆ ಬರುತ್ತಿದ್ದವು. ಮಾವನೂ ಒಪ್ಪಿದರು. ಇನ್ನು ಸಾಕಲ್ಲ? ಅವನು ಮಾತ್ರ ಬೆಳಗಾದರೆ ಬಾವಿಯ ಕಲ್ಲಿನ ಮೇಲೆ.

"ಎತ್ತು ಒಪ್ಪಿದ್ವಲ್ಲಣ್ಣ, ಇನ್ನೂ ಯಾಕೆ?" ಎಂದು ಕೇಳಿದೆ, ಎಂದಿನಂತೆ ಬೆನ್ನು ತಿರುಗಿಸಿಯೇ.

"ಎತ್ತು ಒಪ್ಪುದ್ರೆ ಸಾಕಾ?" ಎಂದ. ಆಮೇಲೆ ಹೇಳಿದ: "ನಾನ್ ಉಟ್ದಾಗ ಎಣ್ಣು ಅಂತ ಊರ್ನೋರೆಲ್ಲಾ ಅಂದ್ರು. ನಂಗೊಬ್ನಿಗೆ ಯಾವತ್ತೂ ಅಂಗ್ ಅನ್ನಿಸ್ನಿಲ್ಲ."

ನಾನು ಕಟ್ಟಳೆ ಮುರಿದು ತಿರುಗಿ ನೋಡಿದೆ. ಅವನು ಎತ್ತಿನ ಕೊರಳಡಿಯ ಗಂಗೆದೊಗಲು ಸವರುತ್ತ ನಿಂತಿದ್ದ. ಅವನದು ದೊಡ್ಡಬಳ್ಳಾಪುರದಾಚೆಯ ಹಳ್ಳಿಯಂತೆ. ಹದಿನಾರಕ್ಕೆ ಸೋದರಮಾವನಿಗೆ ಕೊಡುವುದೆಂದು ನಿಶ್ಚಯ ಮಾಡಿದರಂತೆ. ಚಪ್ಪರ ಹಾಕುವ ದಿನ ಬೆಳಗ್ಗೆ ಅಪ್ಪನ ಪಂಚೆ ಉಟ್ಟು, ಜಡೆ ಕತ್ತರಿಸಿಕೊಂಡು ಹೊರಟೇಬಿಟ್ಟನಂತೆ. ಸೊಂಟದ ಮೇಲೆ ಹೊತ್ತು ಸಾಕಿದ ಆರು ವರ್ಷದ ತಮ್ಮ ಚಪ್ಪರದ ಗರಿಯಲ್ಲಿ ಆಡುತ್ತಿದ್ದನಂತೆ. "ಅಪ್ಪ ನನ್ನ ಉಡ್ಕಿ ಎಳ್ಕಂಡೋಯ್ತೀನಿ ಅಂತ ದೇವ್ರ ಮುಂದೆ ಕರ್ಪೂರ ಅಚ್ಚವ್ನಂತೆ. ಪಂಚೆ ಉಟ್ಕಂಡು ಕಣ್ಣಿಗ್ ಮೋಸ ಮಾಡ್ಬೋದು ಅಕ್ಕಾ. ಬಾಯ್ ಬಿಟ್ರೆ ಸಿಕ್ಕಾಕ್ಕಂತೀನಿ. ಓದ್ರೆ ಮತ್ತೆ ಸೀರೆ, ಮತ್ತೆ ಆ ಎಸ್ರು. ಅದ್ಕಿಂತ ಈ ಬಾವೀನೇ ಮೇಲು."

ಇನ್ನೊಂದು ವಿಷಯವನ್ನೂ ಹೇಳಿದ. ಆ ಪಂಚೆಯನ್ನು ಅವನು ಕದ್ದಿರಲಿಲ್ಲ. ಒಗೆದು ಮಡಿಸಿ ಯಾರೋ ಅವನ ಹಾಸಿಗೆಯ ಪಕ್ಕ ಇಟ್ಟಿದ್ದರು. ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದವಳು ಅವ್ವ ಒಬ್ಬಳೇ. ಗೊತ್ತಿದ್ದೇ ಇಟ್ಟಳೋ, ಮರೆತು ಇಟ್ಟಳೋ. "ಒಂದಿನ ಕೇಳ್ಬೇಕು," ಎಂದ.

ನಿಜ ಹೇಳಬೇಕು. ನಾನು ಹೆದರಿದೆ. ಮೂರು ದಿನ ಬುತ್ತಿಯನ್ನು ಗೋಡೆಯ ಮೇಲಿಟ್ಟು ಹಾಗೇ ಬಂದುಬಿಟ್ಟೆ. ಮುಖ ನೋಡಲಿಲ್ಲ. ಅತ್ತೆಗೆ ಹೇಳಬೇಕೆಂದು ಎರಡು ಸಲ ಬಾಯಿಯವರೆಗೆ ಬಂತು. ನಾಲ್ಕನೇ ದಿನ ಗೋಡೆಯಾಚೆಯಿಂದ, "ಬಂದ್ರಾ ಅಕ್ಕಾ?" ಎಂದು ಕೇಳಿಸಿತು. ನನ್ನ ತಲೆ ಏನನ್ನೋ ಲೆಕ್ಕ ಹಾಕುವ ಮೊದಲೇ ಕಿವಿ ತೀರ್ಪು ಕೊಟ್ಟಿತ್ತು. ತೊಟ್ಟಿಯ ಬಳಿ ಬೆನ್ನು ತಿರುಗಿಸಿ ಕೂತೆ.

"ಗಂಡು," ಎಂದೆ. ಅವನು ಕೇಳಿರಲಿಲ್ಲ, ನಾನೇ ಹೇಳಿದೆ. ಸುಳ್ಳಾಗಿರಲಿಲ್ಲ.

ಆಮೇಲೆ ಏಳನೆಯದು, ಎಂಟನೆಯದು. ಒಂದೊಂದಕ್ಕೂ ತಿಂಗಳುಗಟ್ಟಲೆ. ಒಂದು ಬೆಳಗ್ಗೆ ಜಗುಲಿಯಲ್ಲಿ ಬೆನ್ನು ಹಾಕಿ ಕೂತಿದ್ದ ಮಾವ, ಹಿಂದಿನಿಂದ "ಗೌಡ್ರೇ, ಅಗ್ಗ ಸವ್ದೈತೆ" ಎಂದ ದನಿ ಕೇಳಿ, ಕಂದಾಯದ ಶೇಕ್‌ದಾರರೇ ಬಂದರೆಂದು ಧಡಕ್ಕನೆ ಎದ್ದು ಕೈ ಮುಗಿದುಬಿಟ್ಟರು. ತಿರುಗಿ ನೋಡಿದರೆ ಕಪಿಲೆಯವನು. ಅಂದಿನಿಂದ ಮಾವ ಅವನನ್ನು 'ಲೇ' ಎನ್ನುವ ಮುನ್ನ ಒಂದು ಕ್ಷಣ ತಡೆಯುತ್ತಿದ್ದರು. ಅತ್ತೆ ಇದೆಲ್ಲ ಬಜೆಯ ಮಹಿಮೆ ಎಂದು ನಂಬಿ, ಗಂಟಲು ಕಟ್ಟಿದ ಗಂಡುಹುಡುಗರಿಗೆಲ್ಲ ತೇಯ್ದು ಕೊಡತೊಡಗಿದರು.

ಅವನು ಬಂದು ಏಳನೇ ವರ್ಷ, ಬೇಸಿಗೆ. ಬಾವಿ ಬತ್ತಿತ್ತು, ಹೂಳು ಎತ್ತಿಸುತ್ತಿದ್ದರು. ಅವನು ಹನ್ನೊಂದನೇ ಮೆಟ್ಟಿಲಿಗಿಂತ ಕೆಳಗೆ ಕೆಸರಿನಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದ. ನಾನು ಬುತ್ತಿ ಹೊತ್ತು ಹೋದಾಗ ಮೇಲೆ ಬುಟ್ಟಿ ಎಳೆಯುವ ಆಳುಗಳು ಊಟಕ್ಕೆ ಹೋಗಿದ್ದರು. "ಬುಟ್ಟಿಲೇ ಇಳಿಸಕ್ಕಾ. ಇಲ್ಲೇ ತಣ್ಣಗೈತೆ," ಎಂದ. ಮುದ್ದೆ, ಬಸ್ಸಾರು ಇಳಿಸಿದೆ.

ಆಗ ಬದುವಿನ ಮೇಲೆ ಒಬ್ಬ ಯುವಕ ಬಂದ. ಹತ್ತೊಂಬತ್ತೋ ಇಪ್ಪತ್ತೋ. ತಲೆ ನುಣ್ಣಗೆ ಬೋಳಿಸಿತ್ತು, ತಿರುಪತಿಗೆ ಹೋಗಿ ಬಂದವನಿರಬೇಕು ಎಂದುಕೊಂಡೆ.

"ಅವ್ವಾ, ಇಲ್ಲಿ ಕಪಿಲೆ ಒಡ್ಯೋನು ಒಬ್ಬ ಅವ್ನಂತೆ, ಎಣ್ದನಿಯೋನು?"

"ನಿನಗ್ಯಾಕೆ?"

"ನಮ್ಮಕ್ಕನ್ನ ಉಡುಕ್ತಾ ಇವ್ನಿ. ಮನೆ ಬಿಟ್ಟು ಅದ್ಮೂರ್ ವರ್ಸ ಆತು. ಗಂಡ್ಸಿನ್ ಬಟ್ಟೆ ಆಕ್ಕಂಡು ಇಲ್ಲೆಲ್ಲೋ ಅವ್ಳೆ ಅಂತ ಯಲಂಕ ಸಂತೇಲಿ ಯಾರೋ ಅಂದ್ರು."

"ಅಂಥವರು ಇಲ್ಲಿ ಯಾರೂ ಇಲ್ಲ ಹೋಗಪ್ಪ!" ಎಂದು ಕೂಗಿಯೇ ಹೇಳಿದೆ, ಕೆಳಗೆ ಕೇಳಲಿ ಎಂದು. ಆ ದಿನ ನನ್ನ ದನಿ ಹೊಸ್ತಿಲೇನು, ಊರನ್ನೇ ದಾಟಿರಬೇಕು.

ಅವನು ಹೋಗಲಿಲ್ಲ. "ಮಖ ನೋಡುದ್ರೆ ನಂಗ್ ಗುರ್ತು ಸಿಕ್ಕಲ್ಲ ಅವ್ವಾ. ನಾನಾಗ ಆರ್ ವರ್ಸದೋನು. ದನಿ ಮಾತ್ರ ಮರ್ತಿಲ್ಲ. ಬಾವೀಲಿ ಯಾರೋ ಅವ್ರಲ್ಲ, ಒಂದ್ ಮಾತಾಡ್ಲಿ, ಒಂಟೋಯ್ತೀನಿ." ನಾನು ಅಡ್ಡ ಬರುವ ಮೊದಲೇ ದಡಕ್ಕೆ ಹೋಗಿ ಬಗ್ಗಿ, ಆ ಹೆಸರು ಕೂಗಿದ. ಯಾರಿಗೂ ಹೇಳಬೇಡಿ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ ಹೆಸರು.

ಆಮೇಲೆ ಕೆಳಗಿನಿಂದ ಬಂತು: "ಯಾವನ್ಲಾ ಅದು? ದಡದ್ ಮೇಲ್ ನಿಂತು ಮಣ್ ಕೆಡವ್ಬ್ಯಾಡ. ಇಂದಕ್ ಸರ್ಕೋ."

ಅಷ್ಟು ತಳದ ದನಿಯನ್ನು ನಾನೂ ಅವನಿಂದ ಕೇಳಿರಲಿಲ್ಲ. ಬಾವಿಯ ಕಲ್ಲೆಲ್ಲ ಗುಂಯ್ ಎಂದಿತು. ಹನ್ನೊಂದನೇ ಮೆಟ್ಟಿಲು. ಯುವಕ ಹಿಂದಕ್ಕೆ ನೆಗೆದ. "ಅಯ್ಯೋ, ಇವ್ರಲ್ಲ ಬುಡಿ. ಇವ್ರು ಒಳ್ಳೆ ಗಂಡ್ಸು," ಎಂದ.

ನನಗೆ ಕೇಕೆ ಹಾಕಬೇಕೆನಿಸಿತು. ಏಳು ವರ್ಷದ ದುಡಿಮೆ, ಒಡಹುಟ್ಟಿದ ಕಿವಿಯೇ ಮೋಸ ಹೋಯಿತು! ಗೆದ್ದೆವು!

ಯುವಕ ತೊಟ್ಟಿಯಲ್ಲಿ ಉಳಿದಿದ್ದ ನೀರಿನಿಂದ ಮುಖ ತೊಳೆದುಕೊಂಡ. "ಅಂಥೋರ್ ಯಾರಾರಾ ಈ ಕಡೀಕ್ ಬಂದ್ರೆ ಒಂದ್ ಮಾತ್ ಯೋಳಿ ಅವ್ವಾ. ಎಳ್ಕಂಡೋಗಕ್ಕೆ ಬಂದಿಲ್ಲ. ಅಪ್ಪ ಓಗಿ ನಾಕ್ ವರ್ಸ ಆತು. ಈಗ ಅವ್ವಾನೂ ಓದ್ಲು. ಇವತ್ಗೆ ಒಂಬತ್ ದಿನ. ನಾಡಿದ್ದು ತಿಥಿ. ಅಷ್ಟ್ ಯೋಳುದ್ರೆ ಸಾಕು."

ಆ ತಲೆ ಯಾಕೆ ಬೋಳಾಗಿತ್ತೆಂದು ಆಗ ತಿಳಿಯಿತು. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಕೆರೆ ಏರಿಯ ಕಡೆ ಹೊರಟ.

ಬಾವಿಯಿಂದ ಸದ್ದಿಲ್ಲ. ನಾನು ಕೂಗಿದ್ದರೆ ಆ ಹುಡುಗ ನಿಲ್ಲುತ್ತಿದ್ದ. ನನಗೇನು ದನಿಗೆ ಬರವೇ? ಆದರೆ ಅದು ನಾನು ಕೂಗುವಂಥದ್ದಲ್ಲ. ಅಭ್ಯಾಸಬಲದಿಂದ ಬಾವಿಗೆ ಬೆನ್ನು ಹಾಕಿ ನಿಂತೆ. ಅಣ್ಣ ಬಾಯಿ ಬಿಟ್ಟರೆ ಏಳು ವರ್ಷದ ಕಷ್ಟ ಮಣ್ಣುಪಾಲಾಗಬಹುದು. ಬಿಡದಿದ್ದರೆ ತಮ್ಮ ಏರಿ ದಾಟಿ ಹೋಗುತ್ತಾನೆ.

ಆಗ ಬಂತು ಆ ಪುಟ್ಟ ರಾಗ, ದಿನಾ ಬೆಳಗ್ಗೆ ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದದ್ದು. ಈಗ ಅದಕ್ಕೆ ಮಾತೂ ಇತ್ತು. "ಬಾರೋ... ಮುದ್ದೆ ಆರ್ತೈತೆ... ಬಾರೋ..." ಹಾಡಲ್ಲ ಎಂದು ಅವನು ಅಂದಿದ್ದು ಸತ್ಯವೇ ಆಗಿತ್ತು. ಹೊಲದಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ಕೂಗು ಅದು. ದನಿ ಹನ್ನೊಂದು ಮೆಟ್ಟಿಲು ಇಳಿದಿತ್ತು, ಕೂಗು ಮಾತ್ರ ಒಂದೆಳೆಯೂ ಬದಲಾಗಿರಲಿಲ್ಲ.

ಏರಿಯ ಮೇಲೆ ಯುವಕ ನಿಂತ. ಮೊದಲು ತಿರುಗಲಿಲ್ಲ. ಕೂಗು ಇನ್ನೊಮ್ಮೆ ಬಂತು. ಆಗ ಓಡಿ ಬಂದ, ಆರು ವರ್ಷದ ಹುಡುಗನ ಹಾಗೆ, ಬದುವಿನ ಮೇಲೆ ಎಡವಿಕೊಂಡು.

ಅಷ್ಟರಲ್ಲಿ ಇವನು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದ. ತಲೆಯಿಂದ ಕಾಲಿನವರೆಗೆ ಕೆಸರು. ಇಬ್ಬರೂ ನಿಂತು ನೋಡಿಕೊಂಡರು. ತಮ್ಮನ ಬಾಯಲ್ಲಿ 'ಅಕ್ಕ' ಎಂಬ ಮಾತು ಅರ್ಧ ಬಂದು ನಿಂತಿತು. ಎದುರಿಗಿದ್ದವನಿಗೆ ಅದು ಹೊಂದುತ್ತಿರಲಿಲ್ಲ.

"ದನಿ ಎಂಗ್ ಇಂಗಾತು?" ಎಂದ ಕೊನೆಗೆ.

"ಇಳಿಸ್ದೆ."

"ನೋಯ್ತಾ?"

"ಮೊದ್ಲು ನೋಯ್ತು. ಆಮೇಕ್ ಇಲ್ಲ."

ತಮ್ಮ ತೋಳಿನಲ್ಲಿ ಕಣ್ಣೊರೆಸಿಕೊಂಡ. ಅಣ್ಣನ ಕೆಸರು ಮೆತ್ತಿದ ಕೂದಲನ್ನೇ ನೋಡುತ್ತಿದ್ದ. ಏನನ್ನೋ ಯೋಚಿಸಿ, ನಿರ್ಧಾರ ಮಾಡಿ ಹೇಳಿದ: "ನಾಡಿದ್ದು ತಿಥಿ. ಗಂಡ್ಮಕ್ಳು ತಲೆ ಕೊಡ್ಬೇಕು. ನಾನ್ ಕೊಟ್ಟಿವ್ನಿ. ನೀನಿನ್ನೂ ಕೊಟ್ಟಿಲ್ಲ."

"ಊರ್ನೋರು ಕೇಳುದ್ರೆ?"

"ನಮ್ಮಣ್ಣ ಅಂತೀನಿ. ಈ ದನಿ ಕೇಳ್ದ ಮ್ಯಾಲೆ ಯಾವನ್ ಅಲ್ಲ ಅಂತಾನೆ?"

ಹೊಂಗೆ ಮರದ ಕೆಳಗಿನ ಕ್ಷೌರದವನ ಮುಂದೆ ಅವನು ತಲೆ ಬಗ್ಗಿಸಿ ಕೂತದ್ದನ್ನು ನಾನು ದೂರದಿಂದ ನೋಡಿದೆ. ತಮ್ಮ ಪಕ್ಕದಲ್ಲಿ ಅವನ ಟವೆಲ್ಲು ಹಿಡಿದು ನಿಂತಿದ್ದ. ಹೊರಡುವ ಮುನ್ನ ಅಣ್ಣ ತೊಟ್ಟಿಯ ಬಳಿ ಬಂದು ನನಗೊಂದು ಮಾತು ಹೇಳಿದ: "ಪಂಚೆ ಇಷ್ಯ ಇನ್ ಕೇಳಂಗಿಲ್ಲ ಅಕ್ಕಾ."

ತಿಥಿ ಮುಗಿಸಿ ಹಿಂದಿರುಗಿದ, ಕರೆಂಟು ಬಂದು ಪಂಪ್‌ಸೆಟ್ಟು ಕೂರುವವರೆಗೆ ನಮ್ಮಲ್ಲೇ ಇದ್ದ, ಆಮೇಲೆ ತಮ್ಮನ ಮನೆಗೇ ಹೋದ. ಅದೆಲ್ಲ ನಂತರದ ಮಾತು. ನನಗೆ ಮತ್ತೆ ಮತ್ತೆ ನೆನಪಾಗುವುದು ಅವನು ರಜೆ ಕೇಳಲು ಹಿತ್ತಿಲ ಬಾಗಿಲಿಗೆ ಬಂದ ಆ ಸಂಜೆ. ನಾನು ಒಳಗೆ ರುಬ್ಬುತ್ತಿದ್ದೆ, ಬೆನ್ನು ಬಾಗಿಲ ಕಡೆಗಿತ್ತು. ಅತ್ತೆ ಬೋಳು ತಲೆ ನೋಡಿ ಗಾಬರಿಯಾಗಿ, "ಅಯ್ಯೋ ನನ್ನಪ್ಪ, ಯಾರ್ ಓದ್ರೋ?" ಎಂದರು.

"ಅವ್ವ," ಎಂದ.

ಎರಡೇ ಅಕ್ಷರ. ಅಷ್ಟರಲ್ಲಿ ದನಿ ಹನ್ನೊಂದು ಮೆಟ್ಟಿಲನ್ನೂ ಹತ್ತಿಬಿಟ್ಟಿತು. ಊರಿಗೆ ಬಂದ ಮೊದಲ ದಿನದ ಅದೇ ತೆಳು ದನಿ. ರುಬ್ಬುತ್ತಿದ್ದ ನನ್ನ ಕೈ ನಿಂತಿತು. ಅತ್ತೆಗೆ ಏನೂ ಅನ್ನಿಸಲಿಲ್ಲ. ಆ ಮಾತು ಆಡುವಾಗ ಯಾರ ದನಿ ತಾನೇ ನೆಟ್ಟಗಿರುತ್ತದೆ? ಅವನ ಬೋಳು ತಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, "ಅಳು ಮಗ, ಅಳು," ಎಂದರು.

ಏಳು ವರ್ಷ ಒಂದೊಂದು ಮಾತಾಡಿದಾಗಲೂ 'ಗಂಡೋ ಎಣ್ಣೋ' ಎಂದು ನನ್ನ ಬೆನ್ನನ್ನು ಕೇಳುತ್ತಿದ್ದವನು ಆವತ್ತು ಏನನ್ನೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುವ ಸ್ಥಿತಿಯಲ್ಲಿರಲಿಲ್ಲ, ಅಳುತ್ತಿದ್ದೆ.